ಆಯಿ ತೀರಿ ವರ್ಷ ಆಗ್ತಾ ಬಂತು. ಯೆಹೂದಿ ಪದ್ಧತಿಯಲ್ಲಿ ವರ್ಷದ ದಿನ ಹೇಗೆ ಮಾಡ್ತಾರೆ, ಗೊತ್ತಿದ್ದವರು ಹೇಳ್ತೀರಾ?

ತೊಗರಿ_ಹೊಲ, ಕಲಬುರಗಿ (5 ನವೆಂಬರ್ 2025)

ಪ್ರಶ್ನೆ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಆಯಿ, ಅಂದ್ರೆ ಅಮ್ಮನ ತಾಯಿ, ಹೋದ ವರ್ಷ ಡಿಸೆಂಬರ್ 10ರಂದು ತೀರಿಕೊಂಡಳು. 88 ವರ್ಷ. ಆಕೆ ಯೆಹೂದಿ, ಬೆನೆ ಇಸ್ರೇಲ್ ಪಂಗಡದವಳು. ಕಲಬುರಗಿಯಲ್ಲಿ ಯೆಹೂದಿಗಳಾ ಅಂತ ಮಾತ್ರ ಕೇಳಬೇಡಿ, ಚಿಕ್ಕಂದಿನಿಂದ ಅದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹುಟ್ಟಿದ್ದು ಕೊಂಕಣದಲ್ಲಿ, ರೇವದಂಡಾ ಕಡೆ. ಮುತ್ಯಾ ರೈಲ್ವೆ ಗಾರ್ಡ್. 1953ರಲ್ಲಿ ಮದುವೆಯಾಗಿ ವಾಡಿ ಜಂಕ್ಷನ್ ಕ್ವಾರ್ಟರ್ಸಿಗೆ ಬಂದವಳು, ಮುತ್ಯಾ ನಿವೃತ್ತಿ ಆದಮೇಲೆ ಕಲಬುರಗಿಗೆ ಬಂದಳು, ಇಲ್ಲೇ ಉಳಿದಳು. ಮನೆಮಾತು ಮರಾಠಿ. ಆದರೆ ನಮ್ಮ ಜೊತೆ ಪಕ್ಕಾ ಕಲಬುರಗಿ ಕನ್ನಡ. ಮರಾಠಿಯಲ್ಲಿ ಆಯಿ ಅಂದ್ರೆ ಅಮ್ಮ, ನಮ್ಮಲ್ಲಿ ಅಜ್ಜಿ. ಹಂಗಾಗಿ ಅಮ್ಮನೂ ಆಯಿ ಅಂತಿದ್ದಳು, ನಾನೂ ಆಯಿ ಅಂತಿದ್ದೆ. ಇಬ್ಬರಿಗೂ ಒಟ್ಟಿಗೆ ಓ ಅಂತಿದ್ದಳು.

ನಮ್ಮಪ್ಪ ಲಿಂಗಾಯತರು. 1984ರಲ್ಲಿ ರಿಜಿಸ್ಟರ್ ಮದುವೆ. ಆಯಿ ಮದುವೆಗೆ ಬರಲಿಲ್ಲ. ಮೂರು ವರ್ಷ ಮಗಳ ಮನೆ ಕಡೆ ತಲೆಯನ್ನೂ ಹಾಕಲಿಲ್ಲ. ನಾನು ಹುಟ್ಟಿದ ಎಂಟನೇ ದಿನ, ಯಾರೂ ಕರೆಯದೆ, ರಿಕ್ಷಾದಲ್ಲಿ ಬಂದು ಇಳಿದಳಂತೆ. ನನ್ನ ಎತ್ತಿಕೊಂಡು ಸುಮ್ನೆ ಕೂತಳಂತೆ. 1991ರಲ್ಲಿ ಮುತ್ಯಾ ಹೋದಮೇಲೆ ನಮ್ಮ ಜೊತೆಗೇ ಇದ್ದಳು, ಕೊನೆ ತನಕ.

ಆಕೆ ದೇವರ ಮೇಲೆ ಇಟ್ಟಿದ್ದ ನಿಷ್ಠೆ ಹೇಗಿತ್ತು ಅಂದ್ರೆ, ಇಡೀ ಊರಲ್ಲಿ ತನ್ನ ಧರ್ಮದವರು ಇನ್ನೊಬ್ಬರಿಲ್ಲದಿದ್ದರೂ ಒಂದು ಶನಿವಾರ ತಪ್ಪಿಸಿದವಳಲ್ಲ. ಶುಕ್ರವಾರ ಹೊತ್ತು ಮುಳುಗೋ ಮುಂಚೆ ಒಂದು ಡಬ್ಬಿಗೆ ನಾಣ್ಯ ಹಾಕ್ತಿದ್ದಳು. ಆಮೇಲೆ ದೀಪ. ಗಾಜಿನ ಲೋಟದಲ್ಲಿ ಅರ್ಧ ನೀರು, ಅದರ ಮೇಲೆ ಕುಸುಬಿ ಎಣ್ಣೆ, ಎಣ್ಣೆಯಲ್ಲಿ ಬತ್ತಿ. ಕಣ್ಣು ಮುಚ್ಚಿಕೊಂಡು ಏನೋ ಹೇಳ್ತಿದ್ದಳು. ಅಲ್ಲಿಂದ ಶನಿವಾರ ಸಂಜೆವರೆಗೆ ಒಲೆ ಹಚ್ಚೋ ಹಾಗಿಲ್ಲ. ಇದಕ್ಕೆ ನಮ್ಮ ಊರಿನ ಅಡುಗೆ ಹೇಳಿ ಮಾಡಿಸಿದಂತಿತ್ತು ನೋಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಶುಕ್ರವಾರವೇ ಮಾಡಿಟ್ಟ ಪುಂಡಿಪಲ್ಯ. ಕಲಬುರಗಿಯಲ್ಲಿ ಸಬ್ಬತ್ (ಶನಿವಾರದ ವಿಶ್ರಾಂತಿ ದಿನ) ಮಾಡೋದು ಬಲು ಸುಲಭ ಅಂತ ತಾನೇ ನಗ್ತಿದ್ದಳು. ಚಹಾ ಇಲ್ಲದ್ದೊಂದೇ ಕಷ್ಟ. ಶನಿವಾರ ಸಂಜೆ ಆದರೆ ಸಾಕು ನನ್ನ ಮಾಳಿಗೆ ಮೇಲೆ ಓಡಿಸ್ತಿದ್ದಳು: "ಮ್ಯಾಲ ಹೋಗಿ ಚುಕ್ಕಿ ನೋಡು. ಮೂರು ಕಂಡ್ರ ಮಾತ್ರ ಕೆಳಗ ಬಾ." ಎರಡೇ ಕಂಡರೂ ಮೂರು ಅಂತ ಸುಳ್ಳು ಹೇಳಿದ್ದೀನಿ, ಚಹಾದ ಆಸೆಗೆ. ಆಕೆಗೆ ಗೊತ್ತಾಗ್ತಿತ್ತು. ಇನ್ನೊಂದು ಸಲ ಹೋಗು ಅಂತಿದ್ದಳು.

ಪಸ್ಕಾ ಹಬ್ಬದಲ್ಲಿ ಹುಳಿ ಬಂದ ರೊಟ್ಟಿ ತಿನ್ನೋ ಹಾಗಿಲ್ಲ. ಹಿಂದಿನ ದಿನ ರೊಟ್ಟಿ ಸುಡೋದು ಅಂದ್ರೆ ಮನೆಯೆಲ್ಲಾ ಗಡಿಬಿಡಿ. ಗೋದಿ ಹಿಟ್ಟಿಗೆ ನೀರು ಬಿದ್ದ ಮೇಲೆ 18 ನಿಮಿಷದ ಒಳಗೆ ಸುಟ್ಟು ಮುಗಿಸಬೇಕು, ಇಲ್ಲಾಂದ್ರೆ ಹಿಟ್ಟು ಹುಳಿ ಬಂತು ಅಂತ ಲೆಕ್ಕ. ಮುತ್ಯಾನ ರೈಲ್ವೆ ಗಡಿಯಾರ ನನ್ನ ಕೈಯಲ್ಲಿ. ಒಂದು ಸಲಕ್ಕೆ ನಾಲ್ಕು ರೊಟ್ಟಿಯಷ್ಟೇ ಹಿಟ್ಟು. "ನೀರು ಬಿತ್ತು" ಅಂತ ಕೂಗೋಳು, ನಾನು ನಿಮಿಷ ಎಣಿಸ್ತಾ ಕೂರೋದು. ಲಟ್ಟಿಸ್ತಾ, ಚಮಚದ ಹಿಂದಿನಿಂದ ತೂತು ಹಾಕ್ತಾ, ಬೇಯಿಸ್ತಾ, ನಡುನಡುವೆ "ಎಷ್ಟಾತು?" "ಹನ್ನೊಂದು." "ಎಷ್ಟಾತು?" "ಹದಿನಾರೂವರೆ." ಹದಿನೆಂಟಕ್ಕೆ ತವಾ ಮೇಲೆ ಇನ್ನೂ ಬೇಯ್ತಾ ಇದ್ದದ್ದು ಆಕಳಿಗೆ. ಒಂದು ವರ್ಷ ಆಕಳಿಗೆ ಮೂರು ಹೋದವು, ಆಯಿಗೆ ಒಂದು ಉಳಿಯಿತು. ಆ ದಿನ ಆಕೆಯ ಮುಖ ನೋಡೋಕಾಗ್ತಿರಲಿಲ್ಲ.

ಈಗ ಪ್ರಶ್ನೆಗೆ ಬರ್ತೀನಿ. ಆಯಿ ತೀರಿದ್ದು ಸಂಜೆ ಏಳೂವರೆಗೆ, ಮನೆಯಲ್ಲೇ. ನನ್ನನ್ನು ಪುಣೆಗೆ ಒಯ್ಯಬೇಕು, ಮುತ್ಯಾನ ಪಕ್ಕ ಮಣ್ಣು ಮಾಡಬೇಕು ಅಂತ ಮೊದಲೇ ಹೇಳಿಟ್ಟಿದ್ದಳು. ರಾತ್ರಿಯೇ ಗಾಡಿ ಮಾಡಿ ಹೊರಟೆವು. ಸೋಲಾಪುರ ದಾಟಿದ ಮೇಲೆ ಡ್ರೈವರ್ ಇನ್ನೂ ದುಡ್ಡು ಬೇಕು ಅಂತ ಗಾಡಿ ನಿಲ್ಲಿಸಿಬಿಟ್ಟ, ಆ ಕಥೆ ಬೇಡ ಬಿಡಿ. ಬೆಳಗ್ಗೆ ಪುಣೆಯಲ್ಲಿ ಅಲ್ಲಿನ ಹೆಂಗಸರು ಸ್ನಾನ ಮಾಡಿಸಿ ಬಿಳಿ ಹತ್ತಿ ಬಟ್ಟೆ ಉಡಿಸಿದರು. ಗೋರಿ ಹತ್ತಿರ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು ಅಂದರು. ಎಲ್ಲಾ ವಯಸ್ಸಾದವರು, ನಮಗೆ ಒಬ್ಬರ ಪರಿಚಯವೂ ಇಲ್ಲ, ಆಯಿಯನ್ನ ಕಂಡವರೂ ಅಲ್ಲ. ಒಬ್ಬ ಮುದುಕರು ಒಂದು, ಎರಡು ಅಂತ ಎಣಿಸದೆ, ಏನೋ ಶ್ಲೋಕದ ತರ ಹೇಳ್ತಾ ಒಬ್ಬೊಬ್ಬರ ಕಡೆ ಕೈ ತೋರಿಸ್ತಾ ಬಂದರು. ನನ್ನ ಮುಂದೆ ನಿಂತು ಅಮ್ಮನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು, ಇವನು ನಿನ್ನ ಹೊಟ್ಟೆಯಲ್ಲೇ ಹುಟ್ಟಿದವನಾ ಅಂತ. ಅಮ್ಮ ಹೂಂ ಅಂದಳು. ಜೇಬಿನಿಂದ ಒಂದು ಟೋಪಿ ತೆಗೆದು ನನ್ನ ತಲೆಗೆ ಹಾಕಿ ಸಾಲಿಗೆ ಎಳೆದುಕೊಂಡರು. ಮೊಮ್ಮಗ ಅಲ್ವಾ, ಅದಕ್ಕೇ ಇರಬೇಕು ಅಂದುಕೊಂಡೆ.

ಈಗ ವರ್ಷದ ದಿನ ಬರ್ತಾ ಇದೆ. ಇಸ್ರೇಲಿನ ಡಿಮೋನಾದಲ್ಲಿರೋ ಮಾವ ಫೋನ್ ಮಾಡಿ, ನಾನಿಲ್ಲಿ ಪ್ರಾರ್ಥನೆ ಮಾಡಿಸ್ತೀನಿ, ನೀವು ತಲೆ ಕೆಡಿಸಿಕೊಳ್ಳಬೇಡಿ ಅಂದ. ಅಪ್ಪ, ನಮ್ಮ ಪದ್ಧತಿಯಂತೆ ಪುಣ್ಯಸ್ಮರಣೆ ಮಾಡಿ ನಾಲ್ಕು ಜನಕ್ಕೆ ಊಟ ಹಾಕೋಣ ಅಂತಾರೆ. ಅಮ್ಮ ಏನೂ ಹೇಳೋದಿಲ್ಲ, ಆಯಿಯ ಡಬ್ಬಿ ತೆಗೆದು ನೋಡ್ತಾಳೆ, ಮತ್ತೆ ಇಡ್ತಾಳೆ. ಆಕೆ ಇಷ್ಟಪಡೋ ಹಾಗೆ ಮಾಡಬೇಕು ಅಂತ ನನ್ನ ಆಸೆ. ಇಲ್ಲಿ ಹತ್ತು ಜನ ಎಲ್ಲಿಂದ ತರೋದು? ಅಕ್ಕಪಕ್ಕದ ಗಂಡಸರು ನಿಂತರೆ ನಡೆಯುತ್ತಾ? ಡಿಸೆಂಬರ್ 10ನೇ ತಾರೀಖೇ ಮಾಡಬೇಕಾ?

ಇನ್ನೊಂದು. ಬಾಗಿಲ ಚೌಕಟ್ಟಿನ ಬಲಗಡೆ ಆಯಿ ಹೊಡೆಸಿದ್ದ ಒಂದು ಬೆರಳುದ್ದದ ಡಬ್ಬಿ ಇದೆ. ಮೂರು ಸಲ ಬಣ್ಣ ಹೊಡೆದವರು ಅದರ ಮೇಲೂ ಪೇಂಟ್ ಬಳಿದಿದ್ದಾರೆ. ಮುಂದಿನ ವರ್ಷ ಆ ಗೋಡೆ ಒಡೆಯಬೇಕು. ಅದನ್ನ ಏನು ಮಾಡಲಿ?

ಸುಮ್ನೆ_ಓದುಗ, ಯಾದಗಿರಿ

ಓದಿ ಮುಗಿಸಿ ನಮ್ಮ ಅಜ್ಜಿಗೆ ಫೋನ್ ಮಾಡಿದೆ ಸರ್. ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ, ತಾರೀಖಿನ ಬಗ್ಗೆ ಮಾತ್ರ ಒಂದು ಮಾತು. ಅವರದ್ದೂ ಚಂದ್ರಮಾನದ ತಿಂಗಳುಗಳು. ಹಾಗಾಗಿ ಇಂಗ್ಲಿಷ್ ತಾರೀಖು ಹಿಡಿಯೋದಿಲ್ಲ, ನಾವು ತಿಥಿ ನೋಡೋ ಹಾಗೇ ನೋಡ್ತಾರೆ. ನಮಗೆ ಅಧಿಕ ಮಾಸ ಬರೋ ಹಾಗೆ ಅವರಿಗೂ 19 ವರ್ಷಕ್ಕೆ 7 ಸಲ ಒಂದು ತಿಂಗಳು ಹೆಚ್ಚಿಗೆ ಬರುತ್ತೆ.

ವಾಡಿ_ಜಂಕ್ಷನ್

ನಾನು ವಾಡಿ ಹುಡುಗ. ಅಪ್ಪ ರೈಲ್ವೆಯಲ್ಲೇ ಇದ್ದರು. ಅಲ್ಲಿ ಯೆಹೂದಿ ಮನೆ ಇತ್ತು ಅಂದ್ರೆ ಆಶ್ಚರ್ಯ ಪಡೋದಕ್ಕೆ ಏನೂ ಇಲ್ಲ. 1874ರಲ್ಲಿ ಸಿಕಂದರಾಬಾದಿನಿಂದ ನಿಜಾಮರ ರೈಲು ಮಾರ್ಗ ಬಂದು ಮುಂಬೈ–ಮದ್ರಾಸ್ ಮಾರ್ಗಕ್ಕೆ ಸೇರಿದ್ದೇ ನಮ್ಮೂರಲ್ಲಿ. ಆ ಮೇಲೆ ಕ್ವಾರ್ಟರ್ಸಿನಲ್ಲಿ ಯಾವ ಭಾಷೆಯವರು ಇರಲಿಲ್ಲ ಹೇಳಿ? ಆಂಗ್ಲೋ ಇಂಡಿಯನ್ನರು, ತಮಿಳರು, ಮರಾಠಿಯವರು, ಪಾರ್ಸಿಗಳು.

ನಿಮ್ಮ ಆಯಿನೋ ಬೇರೆ ಯಾರೋ ನನಗೆ ಗೊತ್ತಿಲ್ಲ, ಆದರೆ ಚಿಕ್ಕಂದಿನಲ್ಲಿ ಒಂದು ಮನೆಯಿಂದ ಬರ್ತಿದ್ದ ಮಾಲ್ದಿ ನೆನಪಿದೆ. ನಮ್ಮ ಮನೆ ಮಾಲ್ದಿ ಅಂದ್ರೆ ಗೋದಿ ಚಪಾತಿ ಮುರಿದು ಬೆಲ್ಲ, ಕೊಬ್ಬರಿ, ಪುಟಾಣಿ ಹಾಕಿದ್ದು. ಪಕ್ಕದ ಮುಸ್ಲಿಮರ ಮನೆಯ ಮಲೀದಾ ಕೂಡ ಹೆಚ್ಚು ಕಡಿಮೆ ಅದೇ, ತುಪ್ಪ ಜಾಸ್ತಿ ಅಷ್ಟೇ. ಆ ಮನೆಯದು ಮಾತ್ರ ಅವಲಕ್ಕಿದು. ಹಸಿ ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಮೇಲೆ ಬಾಳೆಹಣ್ಣು, ಸೇಬು. ಮಾಲ್ದಿ ಅಂತ ಹೇಳಿ ಅವಲಕ್ಕಿ ಕೊಟ್ಟರು ಅಂತ ನಮ್ಮವ್ವ ಬೈದುಕೊಂಡಳು. ಎರಡು ಸಲ ಹಾಕಿಸಿಕೊಂಡು ತಿಂದಳು.

ತೊಗರಿ_ಹೊಲ

ಅದೇ ಅದೇ! ನಮ್ಮ ಆಯಿಯದೂ ಅವಲಕ್ಕಿಯದೇ. ಎಲಿಯಾಹು ನಬಿ (ಪ್ರವಾದಿ ಎಲೀಯ) ಹೆಸರಲ್ಲಿ ಮಾಡ್ತಿದ್ದಳು, ನನ್ನ ಪಿಯುಸಿ ರಿಸಲ್ಟ್ ಬಂದಾಗ, ಅಪ್ಪನಿಗೆ ಆಪರೇಷನ್ ಆಗಿ ಮನೆಗೆ ಬಂದಾಗ. ಎದುರು ಮನೆಯವರು ಇದು ಮಾಲ್ದಿನೇ ಅಲ್ಲ ಅಂತ ವಾದ, ಆಯಿ ನಿಮ್ಮದು ಮಾಲ್ದಿ ಅಲ್ಲ ಅಂತ ವಾದ. ಮೂವತ್ತು ವರ್ಷ ನಡೀತು ಈ ಜಗಳ.

ಎರಡು_ಮಾತು

ಇಸ್ರೇಲ್ ಈಗ ಏನು ಮಾಡ್ತಿದೆ ಅಂತ ಗೊತ್ತಿದ್ದೂ ಇಂಥ ಪೋಸ್ಟ್ ಹಾಕ್ತೀರಲ್ಲ.

ಸುಮ್ನೆ_ಓದುಗ, ಯಾದಗಿರಿ

ಅಣ್ಣ, ಇಲ್ಲಿ ಒಬ್ಬರು ತಮ್ಮ ಅಜ್ಜಿಯ ವರ್ಷದ ದಿನದ ಬಗ್ಗೆ ಕೇಳ್ತಿದ್ದಾರೆ. 1953ರಿಂದ ವಾಡಿಯಲ್ಲಿ ಖಡಕ್ ರೊಟ್ಟಿ ತಿಂದ ಮುದುಕಿ. ಆ ಚರ್ಚೆಗೆ ಬೇರೆ ಜಾಗ ಇದೆ, ಅಲ್ಲಿ ಮಾಡೋಣ ಬನ್ನಿ.

ಇತಿಹಾಸ_ಹುಚ್ಚ, ಬೀದರ್

ಕರ್ನಾಟಕಕ್ಕೂ ಈ ಜನಕ್ಕೂ ಹಳೇ ನಂಟು ಇದೆ. ಮುಂಬೈಯಲ್ಲಿ ಅವರ ಮೊದಲ ಸಿನಗಾಗ್ ಕಟ್ಟಿಸಿದ್ದು 1796ರಲ್ಲಿ, ಸ್ಯಾಮ್ಯುಯೆಲ್ ದಿವೇಕರ್ ಅನ್ನೋರು. ಕಂಪನಿ ಸೈನ್ಯದಲ್ಲಿದ್ದವರು, ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆ ಸಿಕ್ಕರು. ಇವರು ಬೆನೆ ಇಸ್ರೇಲ್ ಜನ ಅಂತ ತಿಳಿದಾಗ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಬರೋ ಜನ ಇವರು, ಕೊಲ್ಲಬೇಡ ಅಂದಳು ಅನ್ನೋದು ಅವರಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ಬದುಕಿ ಬಂದರೆ ಪ್ರಾರ್ಥನೆಯ ಮನೆ ಕಟ್ಟಿಸ್ತೀನಿ ಅಂತ ಹರಕೆ ಹೊತ್ತಿದ್ದರಂತೆ. ಆ ಸಿನಗಾಗ್ ಈಗಲೂ ಇದೆ.

ಕೊಂಕಣದಲ್ಲಿ ಇವರನ್ನ "ಶನಿವಾರ ತೇಲಿ" ಅಂತಿದ್ದರು. ಎಣ್ಣೆ ಗಾಣದ ಕಸುಬು, ಶನಿವಾರ ಗಾಣ ಬಂದ್. ನಿಮ್ಮ ಆಯಿ ಕುಸುಬಿ ಎಣ್ಣೆ ದೀಪ ಹಚ್ಚುತ್ತಿದ್ದಳು ಅಂತ ಓದಿದಾಗ ಅದೇ ನೆನಪಾಯಿತು. (ಉತ್ತರ ಅಲ್ಲ ಇದು, ಸುಮ್ನೆ ಹೇಳಿದೆ.)

ಹುಬ್ಬಳ್ಳಿ_ಅಕ್ಕ

ತಮ್ಮ, ತಡವಾಗಿ ನೋಡಿದೆ. ನಾನೂ ಬೆನೆ ಇಸ್ರೇಲ್ ಮನೆಯವಳು. ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು, ನನ್ನ ಶಾಲೆ ಎಲ್ಲಾ ಕನ್ನಡದಲ್ಲೇ. ಈಗ ಠಾಣೆಯಲ್ಲಿದ್ದೀನಿ. ಒಂದೊಂದಾಗಿ ಹೇಳ್ತೀನಿ.

ಮೊದಲು ತಾರೀಖು. ಯಾದಗಿರಿಯವರು ಹೇಳಿದ್ದು ಸರಿ, ಆದರೆ ಒಂದು ಬಿಟ್ಟರು. ನಮಗೆ ದಿನ ಶುರುವಾಗೋದು ಹೊತ್ತು ಮುಳುಗಿದಾಗ. ಆಯಿ ಹೋಗಿದ್ದು ಡಿಸೆಂಬರ್ 10ರ ಸಂಜೆ ಏಳೂವರೆಗೆ ಅಂದೆಯಲ್ಲ, ಅಷ್ಟೊತ್ತಿಗೆ ಮರುದಿನ ಶುರುವಾಗಿತ್ತು. ನಮ್ಮ ಲೆಕ್ಕದಲ್ಲಿ ಅದು ಕಿಸ್ಲೇವ್ ತಿಂಗಳ 10. ಈ ವರ್ಷ ಕಿಸ್ಲೇವ್ 10 ಬರೋದು ನವೆಂಬರ್ 29ರ ಸಂಜೆಯಿಂದ 30ರ ಸಂಜೆವರೆಗೆ. ಡಿಸೆಂಬರ್ 10ಕ್ಕೆ ಕಾದಿದ್ದರೆ ದಿನ ದಾಟಿ ಹೋಗ್ತಿತ್ತು.

ನೋಡು, 29 ಶನಿವಾರ. ಹಾಗಾಗಿ ಹೊತ್ತು ಮುಳುಗಿದ ತಕ್ಷಣ ದೀಪ ಹಚ್ಚಬೇಡಿ. ಮಾಳಿಗೆ ಹತ್ತು. ಮೂರು ಚುಕ್ಕಿ ಕಂಡಮೇಲೆ ಹಚ್ಚಿ. ಈ ಸಲ ಸುಳ್ಳು ಹೇಳಬೇಡ.

ದೀಪ ಒಂದು ಹಗಲು ಒಂದು ರಾತ್ರಿ ಉರಿಯಬೇಕು. ಪೇಟೆಯಲ್ಲಿ ಅದಕ್ಕೆ ಅಂತ ಮೇಣದ ಬತ್ತಿ ಸಿಗುತ್ತೆ, ನಿನಗೆ ಬೇಡ. ಆಯಿಯ ಲೋಟ ಇದೆಯಲ್ಲ. ಕೆಳಗೆ ನೀರು ಯಾಕೆ ಹಾಕ್ತಿದ್ದರು ಗೊತ್ತಾ? ಎಣ್ಣೆ ತೀರಿದಾಗ ಬತ್ತಿ ನೀರಿಗೆ ತಾಗಿ ತಾನೇ ಆರುತ್ತೆ, ಗಾಜು ಸಿಡಿಯೋದಿಲ್ಲ. ಆದರೆ ಶುಕ್ರವಾರದ ದೀಪಕ್ಕೆ ಹಾಕೋ ಎಣ್ಣೆ ಇದಕ್ಕೆ ಸಾಲೋದಿಲ್ಲ. ಮುಂಚೆ ಒಂದು ದಿನ ಹಚ್ಚಿ ನೋಡು, ಎಷ್ಟು ತಾಸು ಉರಿಯುತ್ತೆ ಅಂತ.

ಅಪ್ಪ ಊಟ ಹಾಕೋಣ ಅಂದಿದ್ದು ತಪ್ಪೇನಿಲ್ಲ. ಹೋದವರ ಹೆಸರಲ್ಲಿ ದಾನ ಕೊಡೋದು ನಮ್ಮಲ್ಲೂ ದೊಡ್ಡದು. ಪೂಜೆ ಮಾತ್ರ ಬೇಡ, ಫೋಟೋಗೆ ಹಾರ, ಊದಿನಕಡ್ಡಿ ಬೇಡ. ಆಯಿ ಇದ್ದಿದ್ದರೆ ಬಾಯಿ ಬಿಟ್ಟು ಬೇಡ ಅನ್ನೋರೋ ಇಲ್ಲವೋ, ಒಳಗೆ ಎದ್ದು ಹೋಗ್ತಿದ್ದರು. ಮಾಲ್ದಿನೂ ಆ ದಿನ ಬೇಡ, ಅದು ಹರಕೆ ತೀರಿದಾಗ, ಶುಭ ಆದಾಗ ಮಾಡೋದು. ಶೆವಾಟ್ ತಿಂಗಳ 15ಕ್ಕೆ ಮಾಡಿ, 2026ರಲ್ಲಿ ಫೆಬ್ರವರಿ 2ಕ್ಕೆ ಬರುತ್ತೆ. ಅಲಿಬಾಗ್ ಹತ್ತಿರ ಖಂಡಾಳೆಯಲ್ಲಿ ಆ ದಿನ ಜನ ಸೇರ್ತಾರೆ, ಎಲಿಯಾಹು ನಬಿಯ ರಥ ಅಲ್ಲಿಂದ ಆಕಾಶಕ್ಕೆ ಹೋಯಿತು ಅಂತ ನಮ್ಮವರ ನಂಬಿಕೆ. ನಾವು ಅದನ್ನ ಏನಂತ ಕರೀತೀವಿ ಗೊತ್ತಾ? ಎಲಿಯಾಹು ನಬಿಚಾ ಉರುಸ್. ಬಂದೇನವಾಜ್ ಊರಿನವನಿಗೆ ಉರುಸ್ ಅಂದ್ರೆ ಏನಂತ ನಾನು ಹೇಳಬೇಕಾ!

ಬಾಗಿಲ ಡಬ್ಬಿ ಮೆಜೂಜಾ. ಒಳಗೆ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ಪ್ರಾರ್ಥನೆ ಇರುತ್ತೆ. ನಿಮ್ಮ ಆಯಿ ಕಣ್ಣು ಮುಚ್ಚಿ ಹೇಳ್ತಿದ್ದರಲ್ಲ, ಅದರಲ್ಲಿ ಶೆಮಾ ಇಸ್ರಾಯೇಲ್ ಅಂತ ಕೇಳಿದ ನೆನಪಿದ್ದರೆ, ಅದೇ ಮಾತು ಅದರಲ್ಲೂ ಇದೆ. ಬಿಸಾಡಬೇಡ. ಸುತ್ತಿಗೆಯಿಂದ ಹೊಡೆಯಬೇಡ. ಪೇಂಟಿನ ಅಂಚನ್ನ ಬ್ಲೇಡಿನಿಂದ ಬಿಡಿಸಿ ಮೊಳೆ ಕೀಳು. ಅಕ್ಷರ ಅಳಿಸಿರದಿದ್ದರೆ ಹೊಸ ಚೌಕಟ್ಟಿಗೆ ಮತ್ತೆ ಹಾಕಬಹುದು, ಅಳಿಸಿದ್ದರೆ ಸಿನಗಾಗಿಗೆ ಕೊಡು, ಹಳೇ ಪುಸ್ತಕ, ಹಾಳೆಗಳ ಜೊತೆ ಮಣ್ಣು ಮಾಡ್ತಾರೆ.

ಇನ್ನು ಹತ್ತು ಜನದ ಮಾತು. ಇಲ್ಲ, ಅಕ್ಕಪಕ್ಕದವರು ಎಷ್ಟೇ ಒಳ್ಳೆಯವರಾದರೂ ಲೆಕ್ಕಕ್ಕೆ ಬರೋದಿಲ್ಲ. ಹೋದವರಿಗಾಗಿ ಹೇಳೋ ಕದ್ದೀಶ್ ಪ್ರಾರ್ಥನೆ ಹೇಳಬೇಕಾದರೆ 13 ತುಂಬಿದ ಹತ್ತು ಯೆಹೂದಿ ಗಂಡಸರು ಬೇಕು. ಆ ಪ್ರಾರ್ಥನೆಯಲ್ಲಿ ಸಾವಿನ ಸುದ್ದಿಯೇ ಇಲ್ಲ, ಪೂರ್ತಿ ದೇವರ ಸ್ತುತಿ. ಅದನ್ನ ಒಬ್ಬನೇ ಮನೇಲಿ ಕೂತು ಹೇಳೋ ಹಾಗಿಲ್ಲ.

ಆದರೆ ತಮ್ಮ, ನೀನು ಪುಣೆಯಲ್ಲಿ ಆದದ್ದು ಬರೆದೆಯಲ್ಲ, ಅದು ನಿನಗೆ ಅರ್ಥ ಆಗಿಲ್ಲ ಅನಿಸುತ್ತೆ. ಮನುಷ್ಯರನ್ನ ಒಂದು ಎರಡು ಅಂತ ಎಣಿಸಬಾರದು ಅಂತ ನಮ್ಮಲ್ಲಿ. ಕೀರ್ತನೆಯ ಒಂದು ಸಾಲಿದೆ, ಹೀಬ್ರೂವಿನಲ್ಲಿ ಸರಿಯಾಗಿ ಹತ್ತೇ ಪದ, "ನಿನ್ನ ಜನರನ್ನ ಕಾಪಾಡು" ಅಂತ ಶುರುವಾಗುತ್ತೆ. ಒಬ್ಬರಿಗೆ ಒಂದು ಪದ. ಆ ಮುದುಕರು ನಿನ್ನ ಮುಂದೆ ನಿಂತಾಗ ಕೊನೇ ಪದ ಉಳಿದಿತ್ತು. ಒಂಬತ್ತೇ ಜನ ಬಂದಿದ್ದರು. ಅದಕ್ಕೇ ಅವರು ಅಮ್ಮನನ್ನ ಕೇಳಿದ್ದು, ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನಾ ಅಂತ. ಅಪ್ಪ ಯಾರು ಅಂತ ಕೇಳಲಿಲ್ಲ ನೋಡು. ನಮ್ಮ ಶಾಸ್ತ್ರದಲ್ಲಿ ತಾಯಿ ಯೆಹೂದಿ ಆದರೆ ಮಗು ಯೆಹೂದಿ. ಹತ್ತನೆಯವನು ನೀನು. ನೀನು ಇರದಿದ್ದರೆ ಆ ಬೆಳಗ್ಗೆ ಕದ್ದೀಶ್ ಆಗ್ತಿರಲಿಲ್ಲ.

ಮಗಳ ಮದುವೆಗೆ ಬರದವರು ನೀನು ಹುಟ್ಟಿದ ಎಂಟನೇ ದಿನ ಬಂದರು ಅಂದೆ. ಗಂಡು ಮಗುವಿಗೆ ನಮ್ಮಲ್ಲಿ ಸುನ್ನತಿ ಮಾಡಿ ಹೆಸರಿಡೋದು ಎಂಟನೇ ದಿನ. ನಿಮ್ಮ ಮನೇಲಿ ಅದು ಆಗೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಆದರೂ ದಿನ ಎಣಿಸಿಕೊಂಡು ಬಂದಿದ್ದಾರೆ.

ತೊಗರಿ_ಹೊಲ

ಅಕ್ಕ, ಎರಡು ದಿನದಿಂದ ಏನು ಬರೆಯೋದು ಅಂತ ಗೊತ್ತಾಗ್ತಿಲ್ಲ.

ಅಮ್ಮನಿಗೆ ಓದಿ ಹೇಳಿದೆ. ನಿನಗೆ ಗೊತ್ತಿತ್ತಾ ಅಂದೆ. ಹೂಂ ಅಂದಳು. ಯಾಕೆ ಹೇಳಲಿಲ್ಲ ಅಂದ್ರೆ, "ಆಯಿ ಹೇಳಬ್ಯಾಡ ಅಂದಿದ್ಲು. ಹುಡುಗ ಅಪ್ಪನ ಮನ್ಯಾಗ ಬೆಳೀಲತ್ತದ, ಎರಡು ದೋಣಿ ಮ್ಯಾಲ ಕಾಲು ಇಡಿಸಬ್ಯಾಡ ಅಂದಿದ್ಲು." ಅಪ್ಪ ಪಕ್ಕದಲ್ಲೇ ಕೂತಿದ್ದರು, ವಿಭೂತಿ ಹಚ್ಚಿಕೊಂಡು. ಅವರಿಗೂ ಗೊತ್ತಿತ್ತಂತೆ! ಮನೇಲಿ ಗೊತ್ತಿಲ್ಲದವನು ನಾನೊಬ್ಬನೇ. ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ಮೂವತ್ತೆಂಟು ವರ್ಷದವನಿಗೆ ಇದನ್ನ ಒಂದು ಆನ್‌ಲೈನ್ ಗುಂಪಿನಲ್ಲಿ ತಿಳಿಯೋ ಹಾಗೆ ಆಯಿತಲ್ಲ ಅಂತ.

ಇನ್ನೊಂದು ಮಾತು ಅಮ್ಮನೇ ಹೇಳಿದಳು. ಮಾವ 1976ರಲ್ಲಿ ಇಸ್ರೇಲಿಗೆ ಹೋದಾಗ ಆಯಿಯನ್ನೂ ಕರೆದ, ಮುತ್ಯಾನೂ ಒಂದು ಕಾಲು ಹೊರಗೆ ಇಟ್ಟಿದ್ದ. ಆಯಿ ಒಪ್ಪಲಿಲ್ಲ. 1960ರ ಸುಮಾರಿಗೆ ಅಲ್ಲಿನ ರಬ್ಬಿಗಳು (ಧರ್ಮಗುರುಗಳು) ಇವರ ಜನರ ಮದುವೆ ಬಗ್ಗೆ ತಕರಾರು ತೆಗೆದಿದ್ದರಂತೆ, ಇವರು ಶುದ್ಧ ಯೆಹೂದಿಗಳು ಹೌದೋ ಅಲ್ಲವೋ ಅಂತ. ನಮ್ಮವರು ಧರಣಿ ಕೂತು, 1964ರಲ್ಲಿ ಅದು ಬಗೆಹರಿಯಿತಂತೆ. ಆಯಿ ಮರೆಯಲಿಲ್ಲ. "ನೀ ಯಾರು ಅಂತ ಕೇಳೋರ ಮನಿಗಿ ನಾ ಯಾಕ ಹೋಗ್ಲಿ? ವಾಡ್ಯಾಗ ಯಾರೂ ಕೇಳಿಲ್ಲ" ಅಂದಳಂತೆ.

ಸರಿ, ದೀಪದ ಲೆಕ್ಕ. ನಿನ್ನೆ ಹಚ್ಚಿ ನೋಡಿದೆ. ಆಯಿಯ ಲೋಟದಲ್ಲಿ 17 ತಾಸು ಉರಿದು ಆರಿತು. ನೀರು ಕಡಿಮೆ ಮಾಡಿ ಎಣ್ಣೆ ಜಾಸ್ತಿ ಹಾಕಲಾ, ದೊಡ್ಡ ಲೋಟ ತರಲಾ?

ಹುಬ್ಬಳ್ಳಿ_ಅಕ್ಕ

ಲೋಟ ಅದೇ ಇರಲಿ. ನೀರು ಎರಡು ಬೆರಳು ಸಾಕು, ಬತ್ತಿ ಸಣ್ಣದು ಮಾಡು. ದಪ್ಪ ಬತ್ತಿ ಎಣ್ಣೆ ಕುಡಿಯುತ್ತೆ.

ಮತ್ತೆ ಶನಿವಾರ ರಾತ್ರಿ ದೀಪ ಹಚ್ಚಿದ ಮೇಲೆ ನೀನು ಪುಣೆಗೆ ಯಾಕೆ ಹೋಗಬಾರದು? ಭಾನುವಾರ ಬೆಳಗಿನ ಪ್ರಾರ್ಥನೆಗೆ. ಮೊದಲೇ ಫೋನ್ ಮಾಡಿ ಜನ ಇರ್ತಾರಾ ಕೇಳು, ಗುರುತಿನ ಚೀಟಿ ಒಯ್ಯಿ, ಕಾವಲಿನವರು ಕೇಳ್ತಾರೆ. ಕದ್ದೀಶ್ ಕನ್ನಡ ಅಕ್ಷರದಲ್ಲಿ ಬರೆದು ಕಳಿಸ್ತೀನಿ, ಅರಮಾಯಿಕ್ ಭಾಷೆ, ನಾಲಿಗೆ ತಿರುಗೋಕೆ ಎರಡು ದಿನ ಬೇಕು. ಗೋರಿ ಹತ್ತಿರ ಹೂವು ಬೇಡ, ಒಂದು ಕಲ್ಲು ಇಟ್ಟು ಬಾ.

ವಾಡಿ_ಜಂಕ್ಷನ್

ಕಲ್ಲು ಅಂದ್ರೆ ಶಹಾಬಾದಿನದೇ ಒಯ್ಯಿರಿ ಸರ್. ಪುಣೆಯಲ್ಲಿ ಸಿಗೋ ಕಲ್ಲು ಏನು ಕಲ್ಲು.

ತೊಗರಿ_ಹೊಲ (30 ನವೆಂಬರ್, ರಾತ್ರಿ)

ಪುಣೆಯಿಂದ ವಾಪಸ್ ಬರೋ ರೈಲಿನಲ್ಲಿ ಬರೀತಿದ್ದೀನಿ.

ನಿನ್ನೆ ಮೂರು ಚುಕ್ಕಿ ನೋಡಿದೆ. ಮೂರನೇದು ಕಾಣೋಕೆ ಬಹಳ ಹೊತ್ತಾಯಿತು, ಎದುರು ಮನೆಯವರ ಎಲ್‌ಇಡಿ ದೀಪದಿಂದ. ಅವರಿಗೆ ಹೇಳಿ ಆರಿಸಿದೆ. ಯಾಕೆ ಅಂತ ಕೇಳಿ ಅವರೂ ಮಾಳಿಗೆ ಹತ್ತಿದರು. ಡಬ್ಬಿಯಲ್ಲಿದ್ದ ನಾಣ್ಯ ಎಣಿಸಿದ್ವಿ, 640 ರೂಪಾಯಿ, ಅದರಲ್ಲಿ ಈಗ ನಡೆಯದ 25 ಪೈಸೆಗಳು ಒಂದು ಹಿಡಿ ಬೇರೆ. ಅಪ್ಪ ಅದಕ್ಕೆ ತಮ್ಮದು ಸೇರಿಸಿ ಇವತ್ತು ಸ್ಟೇಷನ್ ಹತ್ತಿರ ಊಟ ಹಂಚಿದ್ದಾರೆ.

ಬೆಳಗ್ಗೆ ಹದಿಮೂರು ಜನ ಇದ್ದರು, ನನ್ನ ಅಗತ್ಯ ಬೀಳಲಿಲ್ಲ. ಆ ಟೋಪಿ ಕೊಟ್ಟ ಮುದುಕರು ಕಾಣಲಿಲ್ಲ. ಕೇಳಿದೆ, ಮಂಡಿ ನೋವು, ಮೆಟ್ಟಿಲು ಹತ್ತೋದಿಲ್ಲ ಅಂದರು. ಟೋಪಿ ಹಿಂದೆ ಕೊಡೋಣ ಅಂತ ಒಯ್ದಿದ್ದೆ, ಹಾಗೇ ವಾಪಸ್ ತಂದೆ. ಕದ್ದೀಶ್ ಓದುವಾಗ ಎರಡು ಕಡೆ ತಪ್ಪಿದೆ, ಪಕ್ಕದವರು ಮೆಲ್ಲಗೆ ಹೇಳಿಕೊಟ್ಟರು. ಕಲ್ಲು ಶಹಾಬಾದಿನದೇ, ಅಂಗೈ ಅಗಲ. ಮುತ್ಯಾನ ಮೇಲೂ ಒಂದು ಇಟ್ಟೆ.

ಈಗ ಅಮ್ಮ ಫೋನ್ ಮಾಡಿದ್ದಳು. ರಾತ್ರಿ ಎಂಟಾಯಿತು, ದೀಪ ಇನ್ನೂ ಉರೀತಾ ಇದೆಯಂತೆ, 25 ತಾಸು ಆಯಿತು. ದಿನ ಮುಗಿಯಿತಲ್ಲ, ಆರಿಸಲಾ ಅಂತ ಕೇಳ್ತಿದ್ದಾಳೆ. ಅಕ್ಕ, ಏನು ಹೇಳಲಿ?

ಹುಬ್ಬಳ್ಳಿ_ಅಕ್ಕ

ಆರಿಸಬೇಡಿ ಅಂತ ಹೇಳು, ಎಣ್ಣೆನೂ ಮತ್ತೆ ಹಾಕೋದು ಬೇಡ. ಬೆಕ್ಕು ಗಿಕ್ಕು ಇದ್ದರೆ ಲೋಟ ಸ್ವಲ್ಪ ಮೇಲೆ ಇಡಲಿ. ನೀನು ಊರು ಮುಟ್ಟಿದ ಮೇಲೆ ಆ ಮೆಜೂಜಾದ ಫೋಟೋ ಹಾಕು, ಪೇಂಟ್ ಎಷ್ಟು ಪದರ ಇದೆ ನೋಡೋಣ.